ರಾಜಾ ದೀನದಯಾಳ್: ಹವ್ಯಾಸವೇ ಕಸುಬಾಯಿತು

ನಮ್ಮ ಯಾದಗಿರಿ, ಶಹಾಪುರ, ಸುರಪುರ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಆರನೇ ನಿಜಾಮರ ದರ್ಬಾರಿನ ಫೋಟೋಗ್ರಾಫರ್ ರಾಜಾ ದೀನದಯಾಳ್ ಅವರು.

1844ರಲ್ಲಿ ಮೀರತ್ ಹತ್ತಿರದ ಸರ್ಧಾನಾದಲ್ಲಿ ಹುಟ್ಟಿದ ಇವರು ರೂರ್ಕಿಯಲ್ಲಿ ಇಂಜಿನಿಯರಿಂಗ್ ಕಲಿತು, ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆ ಬರೆಯುವ ನೌಕರಿ ಹಿಡಿದರು. ಫೋಟೋದ ಹವ್ಯಾಸ ಹತ್ತಿದ್ದು ಮೂವತ್ತರ ಹೊತ್ತಿಗೆ. ಆಗ ಫಿಲ್ಮ್ ರೋಲು ಇದ್ದಿಲ್ಲ. ಗಾಜಿನ ಪ್ಲೇಟು, ಭಾರದ ಕ್ಯಾಮೆರಾ ಹೊತ್ತು ತಿರುಗಬೇಕಿತ್ತು. ಹೆಸರು ಬಂದ ಮೇಲೆ ತಿಂಗಳ ಪಗಾರದ ಸರ್ಕಾರಿ ನೌಕರಿ ಬಿಟ್ಟು ಈ ಕಸುಬನ್ನೇ ನಂಬಿದರು. ಸಂಸಾರಸ್ಥರಿಗೆ ಇದು ಸಣ್ಣ ಧೈರ್ಯವಲ್ಲ.

ಸಿಕಂದರಾಬಾದಿನಲ್ಲಿ ಸ್ಟುಡಿಯೋ ನಡೆಸಿದರು. 1892ರಲ್ಲಿ ಹೈದರಾಬಾದಿನಲ್ಲಿ ಪರದೆಯ ಹೆಣ್ಣುಮಕ್ಕಳಿಗಾಗಿಯೇ ಬೇರೆ ಸ್ಟುಡಿಯೋ ತೆರೆದು, ಅದರ ಉಸ್ತುವಾರಿಯನ್ನೂ ಹೆಣ್ಣುಮಗಳಿಗೇ ಒಪ್ಪಿಸಿದರು. 1894ರಲ್ಲಿ ನಿಜಾಮರು ರಾಜಾ ಬಿರುದು ಕೊಟ್ಟರು. 1905ರಲ್ಲಿ ತೀರಿಕೊಂಡರು.

ಮಕ್ಕಳ ಕೈಯಾಗ ಕಲೆ ಕಂಡರೆ ಹಿರಿಯರು ಬೈದು ಬಿಡಿಸಬಾರದು. ಅದೂ ಒಂದು ದಿನ ಮನೆ ನಡೆಸೀತು.