ಒಂದು ಗ್ರಂಥಕ್ಕೆ ಸಾವಿರ ಪ್ರತಿ: ದಾನಚಿಂತಾಮಣಿ ಅತ್ತಿಮಬ್ಬೆಯ ಶಾಸ್ತ್ರದಾನ

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳು ಶ್ರಾವಕರಾದ ನಮಗೆಲ್ಲ ಗೊತ್ತು. ಹಸಿದವನಿಗೆ ಅನ್ನ ಕೊಟ್ಟರೆ ಅವನ ತೃಪ್ತಿ ಕೂಡಲೇ ಕಾಣುತ್ತದೆ. ಶಾಸ್ತ್ರದಾನದ ಫಲ ಹಾಗಲ್ಲ. ಕೊಟ್ಟ ಗ್ರಂಥವನ್ನು ಯಾರು, ಯಾವಾಗ ಓದುತ್ತಾರೋ ಕೊಟ್ಟವರಿಗೆ ತಿಳಿಯುವುದಿಲ್ಲ. ಹಾಗಿದ್ದೂ ಈ ದಾನವನ್ನು ಕನ್ನಡ ನಾಡಿನಲ್ಲಿ ಯಾರೂ ಮಾಡದ ಪ್ರಮಾಣದಲ್ಲಿ ಮಾಡಿದವಳು ಅತ್ತಿಮಬ್ಬೆ. ಸಾವಿರ ವರ್ಷಗಳ ಹಿಂದಿನ ಈ ಶ್ರಾವಕಿಯ ಬದುಕನ್ನು ನಮ್ಮ ಮನೆಗಳ ಮಕ್ಕಳೂ ಅರಿಯಬೇಕು.

ಹುಟ್ಟಿದ ಮನೆಯ ಗ್ರಂಥ

ಅತ್ತಿಮಬ್ಬೆಯ ಪೂರ್ವಜರು ವೆಂಗಿ ಸೀಮೆಯ ಕಮ್ಮೆನಾಡಿನ ಪುಂಗನೂರಿನವರು. ಅಜ್ಜ ನಾಗಮಯ್ಯ. ಅವನ ಮಕ್ಕಳಾದ ಮಲ್ಲಪಯ್ಯ ಮತ್ತು ಪುನ್ನಮಯ್ಯ ಕತ್ತಿ ಹಿಡಿದ ವೀರರು, ಜೊತೆಗೆ ಜಿನಭಕ್ತರು. ಮಲ್ಲಪಯ್ಯನ ಹಿರಿಯ ಮಗಳೇ ಅತ್ತಿಮಬ್ಬೆ, ಅವಳ ತಂಗಿ ಗುಂಡಮಬ್ಬೆ.

ಈ ಸಹೋದರರು ತಮ್ಮ ಗುರು ಜಿನಚಂದ್ರದೇವರ ನೆನಪಿಗಾಗಿ ಒಂದು ಕಾವ್ಯ ಬರೆಯಿಸಲು ಬಯಸಿ ಪೊನ್ನನನ್ನು ಕೇಳಿಕೊಂಡರು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಂದ ಉಭಯಕವಿಚಕ್ರವರ್ತಿ ಎಂಬ ಬಿರುದು ಪಡೆದಿದ್ದ ಕವಿ ಅವನು. ಪಂಪ, ರನ್ನರೊಡನೆ ನಾವು ರತ್ನತ್ರಯರೆಂದು ಕರೆಯುವವರಲ್ಲಿ ಒಬ್ಬ. ಹದಿನಾರನೆಯ ತೀರ್ಥಂಕರ ಶಾಂತಿನಾಥರ ಚರಿತೆಯಾದ ಶಾಂತಿಪುರಾಣ ಹುಟ್ಟಿದ್ದು ಹೀಗೆ. ಆದ್ದರಿಂದ ಅತ್ತಿಮಬ್ಬೆಗೆ ಆ ಗ್ರಂಥ ಬೇರೆಲ್ಲಿಂದಲೋ ಬಂದದ್ದಲ್ಲ, ಅಪ್ಪ ಮತ್ತು ಚಿಕ್ಕಪ್ಪ ಬರೆಯಿಸಿದ ಮನೆಯ ಸೊತ್ತು. ಮುಂದೆ ಪುನ್ನಮಯ್ಯ ಕಾವೇರಿ ತೀರದ ಕಾಳಗದಲ್ಲಿ ಮಡಿದ. ಅವನು ಬಿಟ್ಟುಹೋದ ಗುರುತುಗಳಲ್ಲಿ ಆ ಕಾವ್ಯವೂ ಒಂದಾಗಿ ಉಳಿಯಿತು.

ಮದುವೆ ಮತ್ತು ಅಗಲಿಕೆ

ಅತ್ತಿಮಬ್ಬೆ ಬೆಳೆದ ಕಾಲದಲ್ಲಿ ರಾಜ್ಯಗಳೇ ಬದಲಾದವು. 973ರಲ್ಲಿ ಇಮ್ಮಡಿ ತೈಲಪ ರಾಷ್ಟ್ರಕೂಟರನ್ನು ಸೋಲಿಸಿ ಚಾಲುಕ್ಯರ ಆಳ್ವಿಕೆಯನ್ನು ಮತ್ತೆ ಸ್ಥಾಪಿಸಿದ. ಅವನ ಮಂತ್ರಿ ದಲ್ಲಪ. ದಲ್ಲಪನ ಮಗ ನಾಗದೇವನಿಗೆ ಅತ್ತಿಮಬ್ಬೆಯನ್ನೂ ಗುಂಡಮಬ್ಬೆಯನ್ನೂ ಕೊಟ್ಟು ಮದುವೆ ಮಾಡಲಾಯಿತು. ಅತ್ತಿಮಬ್ಬೆಗೆ ಅಣ್ಣಿಗದೇವನೆಂಬ ಮಗ ಹುಟ್ಟಿದ.

ನಾಗದೇವ ತೈಲಪನ ಪರವಾಗಿ ಹೋರಾಡಿದ ಸೇನಾನಿ. ಅವನು ಯುದ್ಧದಲ್ಲಿ ಮಡಿದಾಗ ತಂಗಿ ಗುಂಡಮಬ್ಬೆ ಗಂಡನ ಚಿತೆಯನ್ನೇರಿದಳು. ಒಂದೇ ಬಾರಿಗೆ ಗಂಡನನ್ನೂ ಒಡಹುಟ್ಟಿದವಳನ್ನೂ ಕಳೆದುಕೊಂಡ ಅತ್ತಿಮಬ್ಬೆ ಆ ದಾರಿ ಹಿಡಿಯಲಿಲ್ಲ. ಮಗನನ್ನು ಸಾಕುವ ಹೊಣೆಯನ್ನು ಹೊತ್ತಳು. ವ್ರತ, ಉಪವಾಸ, ಜಿನಪೂಜೆ, ದಾನಗಳಲ್ಲಿ ಉಳಿದ ಆಯುಷ್ಯವನ್ನು ಕಳೆಯಲು ನಿಶ್ಚಯಿಸಿದಳು. ಆಕೆ ಬದುಕಿ ಉಳಿದದ್ದರಿಂದಲೇ ಮುಂದಿನ ಎಲ್ಲವೂ ನಡೆಯಿತು ಎಂಬುದನ್ನು ನಾವು ಮರೆಯಬಾರದು.

ಸಾವಿರ ಪ್ರತಿಗಳು

ಅಚ್ಚಿನ ಯಂತ್ರವಿಲ್ಲದ ಕಾಲ ಅದು. ತಾಳೆಯ ಗರಿಗಳನ್ನು ತಂದು, ನೀರಿನಲ್ಲಿ ಬೇಯಿಸಿ, ಒಣಗಿಸಿ, ಒಂದೇ ಅಳತೆಗೆ ಕತ್ತರಿಸಿ ನಯ ಮಾಡಬೇಕಿತ್ತು. ಆಮೇಲೆ ಲೋಹದ ಕಂಠದಿಂದ ಒಂದೊಂದೇ ಅಕ್ಷರವನ್ನು ಕೊರೆದು, ಮಸಿ ತೀಡಿ, ಗರಿಗಳಿಗೆ ತೂತು ಮಾಡಿ, ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆ ಇಟ್ಟು ಕಟ್ಟಬೇಕಿತ್ತು. ಹನ್ನೆರಡು ಆಶ್ವಾಸಗಳ ಒಂದು ಚಂಪೂ ಕಾವ್ಯವನ್ನು ಹೀಗೆ ಬರೆದು ಮುಗಿಸುವುದು ಒಬ್ಬ ಲಿಪಿಕಾರನಿಗೆ ಹಲವು ದಿನಗಳ ದುಡಿಮೆ. ಅಷ್ಟಾದರೂ ಗೆದ್ದಲು, ತೇವ, ಬೆಂಕಿಗಳ ಭಯ ತಪ್ಪುತ್ತಿರಲಿಲ್ಲ. ಒಂದೆರಡು ಕಡೆ ಮಾತ್ರ ಇರುವ ಗ್ರಂಥ ಒಂದು ಮಳೆಗಾಲದಲ್ಲೇ ಇಲ್ಲವಾಗಬಹುದಿತ್ತು.

ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಒಂದು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ರತ್ನಖಚಿತವಾದ 1,500 ಬಂಗಾರದ ಜಿನಬಿಂಬಗಳನ್ನು ಮಾಡಿಸಿ ದಾನ ಮಾಡಿದಳೆಂದೂ ಪ್ರಸಿದ್ಧಿಯಿದೆ. ಬಿಂಬದಾನದ ಪಕ್ಕದಲ್ಲೇ ಗ್ರಂಥದಾನವನ್ನು ಇಟ್ಟದ್ದು ಗಮನಿಸಬೇಕಾದ ಸಂಗತಿ. ಪೂಜೆಗೆ ಬಿಂಬ ಬೇಕಾದಂತೆ ಸ್ವಾಧ್ಯಾಯಕ್ಕೆ ಗ್ರಂಥ ಬೇಕು. ಮನೆಯ ಸೊತ್ತಾಗಿದ್ದ ಗ್ರಂಥವನ್ನು ಆಕೆ ಪೆಟ್ಟಿಗೆಯಲ್ಲಿಟ್ಟು ಕಾಯಲಿಲ್ಲ. ತಾನು ಮೆಚ್ಚಿದ್ದನ್ನು ಇತರರೂ ಓದಲಿ ಎಂದು ಅವರ ಕೈಗೇ ಕೊಟ್ಟಳು.

ಇದರ ಬೆಲೆ ತಿಳಿಯಬೇಕಾದರೆ ಕಳೆದುಹೋದ ಗ್ರಂಥಗಳ ಕಡೆ ನೋಡಬೇಕು. ಪೊನ್ನನದೇ ಇನ್ನೊಂದು ಕಾವ್ಯ ಭುವನೈಕರಾಮಾಭ್ಯುದಯ ಇಂದು ನಮಗೆ ಸಿಕ್ಕಿಲ್ಲ. ರನ್ನನ ಪರಶುರಾಮಚರಿತ, ಚಕ್ರೇಶ್ವರಚರಿತಗಳಿಗೂ ಅದೇ ಗತಿಯಾಯಿತು. ಶಾಂತಿಪುರಾಣ ಮಾತ್ರ ಇಂದಿಗೂ ಓದಲು ಸಿಗುತ್ತದೆ. ಆಕೆ ಹಂಚಿದ ಓಲೆಗಳೇ ಇಂದಿನವರೆಗೆ ಉಳಿದು ಬಂದಿವೆ ಎಂದಲ್ಲ. ಆದರೆ ಹಲವು ಊರುಗಳಲ್ಲಿ ಪ್ರತಿಗಳಿದ್ದರೆ ಅವುಗಳಿಂದ ಮತ್ತೆ ಮತ್ತೆ ಪ್ರತಿ ಎತ್ತುವವರೂ ಇರುತ್ತಾರೆ. ಗ್ರಂಥಗಳು ಉಳಿದು ಬರುವುದು ಹೀಗೆಯೇ.

ರನ್ನನ ಆಶ್ರಯದಾತೆ

ಹಳೆಯದನ್ನು ಉಳಿಸಿದವಳು ಹೊಸದನ್ನೂ ಬರೆಯಿಸಿದಳು. ಮುದುವೊಳಲಿನ, ಅಂದರೆ ಇಂದಿನ ಮುಧೋಳದ ಬಳೆಗಾರ ಕುಲದಲ್ಲಿ ಹುಟ್ಟಿದ ರನ್ನ ವಿದ್ಯೆಯನ್ನರಸಿ ಅಜಿತಸೇನಾಚಾರ್ಯರ ಶಿಷ್ಯನಾಗಿ, ಚಾವುಂಡರಾಯನ ಆಶ್ರಯದಲ್ಲಿ ಬೆಳೆದವನು. ಎರಡನೆಯ ತೀರ್ಥಂಕರ ಅಜಿತನಾಥರ ಚರಿತೆಯನ್ನು ಕನ್ನಡದಲ್ಲಿ ಬರೆಯಲು ಅತ್ತಿಮಬ್ಬೆ ಅವನಿಗೆ ಆಶ್ರಯವಿತ್ತಳು. 993ರಲ್ಲಿ ಅಜಿತಪುರಾಣ ಮುಗಿಯಿತು. ಆಕೆಯ ವಂಶ, ಶೀಲ, ದಾನಗಳ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಭಾಗ ಬಂದಿರುವುದು ಈ ಗ್ರಂಥದಿಂದಲೇ. ಗ್ರಂಥಗಳನ್ನು ಉಳಿಸಿದವಳ ಕಥೆಯನ್ನು ಗ್ರಂಥವೇ ಉಳಿಸಿಕೊಟ್ಟಿತು. ರನ್ನ ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟು ಇಬ್ಬರು ಆಶ್ರಯದಾತರ ಋಣವನ್ನು ನೆನೆದ.

ಲಕ್ಕುಂಡಿಯ ಬಸದಿ

ಗದಗ ಜಿಲ್ಲೆಯ ಲಕ್ಕುಂಡಿ ಅಂದಿನ ಲೊಕ್ಕಿಗುಂಡಿ. ಅಲ್ಲಿನ ಬ್ರಹ್ಮ ಜಿನಾಲಯ ಅತ್ತಿಮಬ್ಬೆ ಕಟ್ಟಿಸಿದ ಬಸದಿ. 1007ರ ಶಾಸನ ಆಕೆಯ ಹಿರಿಮೆಯನ್ನು ವಿವರವಾಗಿ ಹೇಳುತ್ತದೆ. ಆಗ ಆಳುತ್ತಿದ್ದವನು ತೈಲಪನ ಮಗ ಇರಿವಬೆಡಂಗ ಸತ್ಯಾಶ್ರಯ. ಉಕ್ಕಿ ಹರಿಯುತ್ತಿದ್ದ ಗೋದಾವರಿ ಆಕೆಯ ಜಿನಭಕ್ತಿಗೆ ಮಣಿದು ನಿಂತಿತೆಂಬ ಕಥೆಯೂ, ಗೊಮ್ಮಟೇಶ್ವರನ ದರ್ಶನವಾಗುವವರೆಗೆ ಅನ್ನ ಮುಟ್ಟದೆ ಬೆಟ್ಟ ಹತ್ತಿದಾಗ ಅಕಾಲದಲ್ಲಿ ಮಳೆ ಸುರಿದು ದಣಿವು ತಣಿಸಿತೆಂಬ ಕಥೆಯೂ ಆಕೆಯ ಹೆಸರಿನೊಡನೆ ಬೆಳೆದುಬಂದಿವೆ. ಜನ ಆಕೆಯನ್ನು ಎಷ್ಟು ಪೂಜ್ಯಭಾವದಿಂದ ಕಂಡರು ಎಂಬುದಕ್ಕೆ ಇವು ಸಾಕ್ಷಿ. ದಾನಚಿಂತಾಮಣಿ ಎಂಬ ಬಿರುದು ಇಂದಿಗೂ ಆಕೆಯ ಹೆಸರಿನಿಂದ ಬೇರೆಯಾಗಿಲ್ಲ. ಕರ್ನಾಟಕ ಸರ್ಕಾರ ಮಹಿಳಾ ಸಾಧಕಿಯರಿಗೆ ಕೊಡುವ ಪ್ರಶಸ್ತಿಗೂ ಆಕೆಯ ಹೆಸರಿದೆ.

ನಮ್ಮ ಪಾಲಿನ ಶಾಸ್ತ್ರದಾನ

ಜ್ಯೇಷ್ಠ ಶುಕ್ಲ ಪಂಚಮಿಯಂದು ನಾವು ಶ್ರುತಪಂಚಮಿ ಆಚರಿಸುತ್ತೇವೆ. ಕೇಳಿ ಕಲಿತ ಜ್ಞಾನ ಮರೆತುಹೋದೀತೆಂದು ಕಳವಳಪಟ್ಟ ಧರಸೇನಾಚಾರ್ಯರು ಅದನ್ನು ಪುಷ್ಪದಂತ, ಭೂತಬಲಿ ಮುನಿಗಳಿಗೆ ಕಲಿಸಿದರು. ಅವರಿಂದ ಷಟ್ಖಂಡಾಗಮ ಗ್ರಂಥರೂಪ ಪಡೆದ ನೆನಪಿನ ದಿನ ಅದು. ಅದರ ಧವಳಾ ಟೀಕೆಯ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದ್ದು ನಮ್ಮ ಮೂಡುಬಿದಿರೆ. ಮುನಿಗಳ ಆ ಕಳವಳವೇ ಅತ್ತಿಮಬ್ಬೆಯ ಕೈಯಲ್ಲಿ ಸಾವಿರ ಪ್ರತಿಗಳ ದಾನವಾಯಿತು ಎನ್ನಬಹುದು.

ಇಂದು ಪ್ರತಿ ಮಾಡಿಸುವ ಕಷ್ಟ ಇಲ್ಲ, ಗ್ರಂಥಗಳ ಕೊರತೆಯೂ ಇಲ್ಲ. ಓದುವವರ, ಓದಿ ಇನ್ನೊಬ್ಬರಿಗೆ ಹೇಳುವವರ ಕೊರತೆಯಿದೆ. ಶ್ರುತಪಂಚಮಿಗೆ ಗ್ರಂಥಗಳಿಗೆ ಹೊಸ ವಸ್ತ್ರ ಸುತ್ತಿ ಪೂಜಿಸಿ ಮತ್ತೆ ಕಪಾಟಿನಲ್ಲಿಟ್ಟರೆ ಅತ್ತಿಮಬ್ಬೆಯ ದಾರಿ ಹಿಡಿದಂತಾಗುವುದಿಲ್ಲ. ಮನೆಯ ಮದುವೆ, ವ್ರತದ ಉದ್ಯಾಪನೆ, ಹಿರಿಯರ ಪುಣ್ಯಸ್ಮರಣೆಯ ಸಂದರ್ಭದಲ್ಲಿ ಹಂಚುವ ಪಾತ್ರೆಯ ಜೊತೆ ಒಂದು ಒಳ್ಳೆಯ ಪುಸ್ತಕವನ್ನೂ ಇಡಬಹುದು. ಈ ತಿಂಗಳು ನಾವು ಏನು ಓದುತ್ತಿದ್ದೇವೆ ಎಂಬುದನ್ನು ಬಸದಿಯಲ್ಲಿ ಸಿಕ್ಕವರಿಗೆ ಹೇಳಬಹುದು, ಅವರೇನು ಓದುತ್ತಿದ್ದಾರೆಂದು ಕೇಳಬಹುದು. ಸಾವಿರ ಪ್ರತಿ ನಮ್ಮ ಕೈಲಾಗದಿದ್ದರೆ ಒಂದು ಪ್ರತಿಯಾದರೂ ಸಾಕು. ಅದನ್ನು ಓದುವವರ ಕೈಗೆ ಸೇರಿಸುವುದೇ ಮುಖ್ಯ.