ಪುಸ್ತಕವಿಲ್ಲದ ಪಾಠಶಾಲೆ: ಪಂಚಾಕ್ಷರಿ ಗವಾಯಿಗಳು

ನಾನಿರುವುದು ಧನಕವಡಿಯಲ್ಲಿ, ಶಂಕರ ಮಹಾರಾಜರ ಮಠದಿಂದ ಎರಡು ಗಲ್ಲಿ ಒಳಗೆ. ನಮ್ಮ ಪಕ್ಕದ ಖೋಲಿಯಲ್ಲಿ ಹಾನಗಲ್ ಕಡೆಯ ಒಬ್ಬ ಅಕ್ಕ ಇದ್ದಾರೆ. ಅವರ ಮಗನಿಗೆ ಮೂರು ವರ್ಷ, ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ನಾನು ಕಾಲೇಜಿಗೆ ಹೋಗುವವನು, ದಪ್ಪ ದಪ್ಪ ಪುಸ್ತಕ ಓದುವವನು ಅಂತ ಅವರಿಗೆ ನನ್ನ ಮೇಲೆ ಭಾರೀ ಭರವಸೆ. ಇಂಥ ಮಗುವನ್ನು ಬೆಳೆಸೋದು ಹೇಗೆ, ಅದು ಓದುವಂಥ ಪುಸ್ತಕ ಕನ್ನಡದಲ್ಲಿ ಯಾವುದಿದೆ, ಹುಡುಕಿಕೊಡು ಎಂದರು. ನನ್ನ ಚೀಲದಲ್ಲಿದ್ದದ್ದು ಅಕೌಂಟೆನ್ಸಿ ಪುಸ್ತಕ! ಹುಡುಕುತ್ತ ಹೋದಾಗ ಮೊದಲು ಸಿಕ್ಕವರು ಅಕ್ಕನ ತಾಲೂಕಿನವರೇ ಆದ ಪಂಚಾಕ್ಷರಿ ಗವಾಯಿಗಳು. ಅವರ ಹೆಸರು ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಕುರುಡು ಮಗುವನ್ನು ಬೆಳೆಸುವ ಕಣ್ಣಿನಿಂದ ಅವರ ಜೀವನವನ್ನು ನಾನಂತೂ ಎಂದೂ ನೋಡಿರಲಿಲ್ಲ.

ಗವಾಯಿಗಳು ಹುಟ್ಟಿದ್ದು 1892ರ ಫೆಬ್ರುವರಿ 2ರಂದು, ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಮನೆಯವರು ಇಟ್ಟ ಹೆಸರು ಗದಿಗೆಯ್ಯ. ಹುಟ್ಟುಗುರುಡು. ಅಣ್ಣ ಗುರುಬಸಯ್ಯನಿಗೂ ಕಣ್ಣಿರಲಿಲ್ಲ. ಒಂದೇ ಮನೆಯಲ್ಲಿ ಕಣ್ಣಿಲ್ಲದ ಇಬ್ಬರು ಮಕ್ಕಳು. ಆ ತಾಯಿಯ ಪಾಡು ಹೇಗಿತ್ತೋ, ಚರಿತ್ರೆ ಬರೆಯುವವರು ಅಲ್ಲಿ ಹೆಚ್ಚು ನಿಲ್ಲುವುದಿಲ್ಲ.

ಆಗ ಶಾಲೆಯೇ ಇರಲಿಲ್ಲವೆ ಅಂದರೆ ಇತ್ತು. ದೇಶದ ಮೊದಲ ಅಂಧರ ಶಾಲೆ 1887ರಲ್ಲಿ ಅಮೃತಸರದಲ್ಲಿ ಶುರುವಾಯಿತು. ಮೈಸೂರಿನಲ್ಲಿ 1901ರಲ್ಲಿ ಕಿವುಡರು ಮತ್ತು ಕುರುಡರ ಶಾಲೆ ಬಂತು. ಫ್ರಾನ್ಸಿನಲ್ಲಿ ಲೂಯಿ ಬ್ರೈಲ್ ಎಂಬ ಕಣ್ಣಿಲ್ಲದ ಹುಡುಗ ತನ್ನ 15ನೆಯ ವಯಸ್ಸಿಗೇ, ಅಂದರೆ 1824ರಲ್ಲಿ, ಆರು ಉಬ್ಬುಚುಕ್ಕಿಗಳ ಲಿಪಿ ಕಟ್ಟಿದ್ದ. ಆದರೆ ಕಾಡಶೆಟ್ಟಿಹಳ್ಳಿಯಂಥ ಹಳ್ಳಿಗೆ ಇವು ಯಾವುವೂ ತಲುಪುವಂತಿರಲಿಲ್ಲ. ಗದಿಗೆಯ್ಯನಿಗೆ ಇದ್ದದ್ದು ಎರಡು ಕಿವಿ, ಒಂದು ಕಂಠ, ಅಷ್ಟೆ.

ಆ ಕಂಠ ಹಾನಗಲ್ ಕುಮಾರಸ್ವಾಮಿಗಳ ಕಿವಿಗೆ ಬಿತ್ತು. ಅವರು ಅಣ್ಣತಮ್ಮಂದಿರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಗದಿಗೆಯ್ಯ ಮೊದಲು ಕರ್ನಾಟಕ ಸಂಗೀತ ಕಲಿತ. ಬಳಿಕ ಹಿಂದೂಸ್ತಾನಿ. ಕುಮಾರಸ್ವಾಮಿಗಳು ಮಲಪ್ರಭೆಯ ದಂಡೆಯಲ್ಲಿ 1909ರಲ್ಲಿ ಶಿವಯೋಗಮಂದಿರ ಸ್ಥಾಪಿಸಿದ್ದರು. ಹಿಂದೂಸ್ತಾನಿಗೆ ಗುರುವಾದವರು ಗ್ವಾಲಿಯರ್ ಘರಾಣೆಯ ನೀಲಕಂಠಬುವಾ ಮಿರಜಕರ್. ಎರಡೂ ಪದ್ಧತಿಗಳನ್ನು ಅರಗಿಸಿಕೊಂಡವರು ಕಣ್ಣಿದ್ದವರಲ್ಲೇ ಅಪರೂಪ. ಇವರು ಅಷ್ಟನ್ನೂ ಒಂದಕ್ಷರ ನೋಡದೆ, ಕೇಳಿ ಕೇಳಿ, ನೆನಪಿನಲ್ಲಿ ಗಂಟು ಹಾಕಿಟ್ಟರು. ನಮಗೆ ಪರೀಕ್ಷೆಯ ಹಿಂದಿನ ರಾತ್ರಿ ನಾಲ್ಕು ಪುಟ ಬಾಯಿಪಾಠ ಆಗೋದಿಲ್ಲ!

ಹೀಗೆ ಕಲಿತು ಗದಿಗೆಯ್ಯ ಪಂಚಾಕ್ಷರಿ ಗವಾಯಿ ಆದರು. ಅಲ್ಲಿಗೇ ನಿಂತಿದ್ದರೆ ದೊಡ್ಡ ಗಾಯಕರೊಬ್ಬರ ಕತೆ ಆಗುತ್ತಿತ್ತು. ಆದರೆ ಅವರು ತಮ್ಮಂಥ ಮಕ್ಕಳನ್ನು ಕೂಡಿಹಾಕಿಕೊಂಡು ಪಾಠ ಶುರುಮಾಡಿದರು. ಕಣ್ಣಿಲ್ಲದವರು, ತಂದೆತಾಯಿ ಇಲ್ಲದವರು, ಬಡವರು, ಯಾರು ಬಂದರೂ ಸರಿ. ಮೊದಲು ಅದು ಊರೂರು ತಿರುಗುವ ಶಾಲೆ. ಕಡೆಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ನಿಂತಿತು. ಫೀ ಇಲ್ಲ. ಊಟ, ವಸತಿ, ವಿದ್ಯೆ ಎಲ್ಲ ಅಲ್ಲೇ. ಕಾಮರ್ಸ್ ಓದುವವನಾದ್ದರಿಂದ ನನಗೆ ಹಿಡಿದ ಚಿಂತೆ ಬೇರೆ: ಜಮೆ ಎಲ್ಲಿಂದ? ಭಕ್ತರು ಕೊಟ್ಟ ಜೋಳ, ಕಾಣಿಕೆ ಸರಿ. ಅದರ ಜೊತೆಗೆ ಆಶ್ರಮದ ನಾಟಕ ಕಂಪನಿಯೂ ದುಡಿಯಿತು. 1995ರಲ್ಲಿ ಬಂದ ಗಾನಯೋಗಿ ಪಂಚಾಕ್ಷರಿ ಗವಾಯಿ ಸಿನಿಮಾದ ಹಾಡುಗಳು ಎಲ್ಲರ ಬಾಯಲ್ಲಿವೆ. ನನಗಾದರೋ ಆ ಹಾಡುಗಳಿಗಿಂತ ಆಶ್ರಮದ ಅಡಿಗೆಮನೆಯ ಲೆಕ್ಕವೇ ದೊಡ್ಡದಾಗಿ ಕಾಣುತ್ತದೆ.

ಅಲ್ಲಿ ಪುಸ್ತಕ ಯಾವುದು? ಗವಾಯಿಗಳೇ ಪುಸ್ತಕ. ಅವರು ಹಾಡಿದ್ದನ್ನು ಹುಡುಗರು ಹಾಡಬೇಕು, ತಪ್ಪಿದರೆ ಮತ್ತೆ ಹಾಡಬೇಕು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಇವರೆಲ್ಲ ಅವರ ಬಳಿ ಕಲಿತವರೇ. ಕಣ್ಣಿದ್ದವರೂ ಬಂದು ಕಣ್ಣಿಲ್ಲದ ಗುರುವಿನಿಂದ ಕಲಿತರು ಎಂಬುದನ್ನು ಅಕ್ಕನಿಗೆ ಎರಡು ಸಲ ಹೇಳಿದೆ.

ಶಿಷ್ಯರಲ್ಲಿ ಒಬ್ಬ ಹುಡುಗ ಪುಟ್ಟಯ್ಯ, 1914ರಲ್ಲಿ ಹುಟ್ಟಿದವನು, ಕೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವನು. ಅವರೇ ಪುಟ್ಟರಾಜ ಗವಾಯಿಗಳು. ಪಂಚಾಕ್ಷರಿ ಗವಾಯಿಗಳು 1944ರ ಜೂನ್ 11ರಂದು ತೀರಿಕೊಂಡರು, ವಯಸ್ಸು 52. ಆಶ್ರಮದ ಭಾರ ಪುಟ್ಟರಾಜರ ಹೆಗಲಿಗೆ ಬಂತು. ಅವರು 2010ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಹೊತ್ತರು. ಗುರುವಿಗೆ ಒದಗದ ಒಂದು ವಸ್ತು ಶಿಷ್ಯನ ಬೆರಳಿಗೆ ಒದಗಿತು: ಬ್ರೈಲ್ ಲಿಪಿ. ಆ ಲಿಪಿಯಲ್ಲಿ ಭಗವದ್ಗೀತೆ ಬರೆದವರು ಪುಟ್ಟರಾಜರು.

ಗುರು ಹೋದ ಏಳು ವರ್ಷಕ್ಕೆ, 1951ರಲ್ಲಿ, ಭಾರತದ ಭಾಷೆಗಳಿಗೆಲ್ಲ ಒಂದೇ ಬ್ರೈಲ್ ಬಂತು, ಭಾರತಿ ಬ್ರೈಲ್ ಅಂತ. ನಮ್ಮಂತೆ ಪರಊರಿನಲ್ಲಿರುವ ಕನ್ನಡದವರಿಗೆ ಇದು ಎಂಥ ಅನುಕೂಲ ನೋಡಿ. ಮರಾಠಿಯ ಕ, ಕನ್ನಡದ ಕ ಎರಡಕ್ಕೂ ಚುಕ್ಕಿ ಒಂದೇ. ಕಣ್ಣಿದ್ದ ನಾನು ಪುಣೆಗೆ ಬಂದು ಬಸ್ಸಿನ ಬೋರ್ಡು ಓದಲು ಬಾಳಬೋಧ ಹೊಸದಾಗಿ ಕಲಿಯಬೇಕಾಯಿತು. ಅಕ್ಕನ ಮಗ ಇಲ್ಲಿಯ ಶಾಲೆಯಲ್ಲಿ ಮರಾಠಿ ಚುಕ್ಕಿ ಕಲಿತರೆ ಕನ್ನಡ ಪುಸ್ತಕಕ್ಕೂ ಬೆರಳು ಇಡಬಹುದು. ಹ್ರಸ್ವ ಎ, ಒ ಇವಕ್ಕೆ ಬೇರೆ ಚುಕ್ಕಿ ಕಲಿಯಬೇಕು. ಒತ್ತಕ್ಷರ ಕೆಳಗೆ ಜೋತುಬೀಳುವುದಿಲ್ಲ, ಸಾಲಿನಲ್ಲೇ ಬರುತ್ತದೆ. ಕಾಗುಣಿತದಲ್ಲಿ ಒದೆ ತಿಂದವರಿಗೆ ಹೊಟ್ಟೆಕಿಚ್ಚು ಬರುವಷ್ಟು ಸರಳ.

ಇದನ್ನೆಲ್ಲ ಅಕ್ಕನ ಮುಂದೆ ಒದರಿದಾಗ ಅವರು ಸುಮ್ಮನೆ ಎದ್ದು ಅಟ್ಟದಿಂದ ತವರುಮನೆಯ ಅಳಗುಳಿ ಮಣೆ ಇಳಿಸಿದರು. ಎರಡು ಸಾಲು, ಸಾಲಿಗೆ ಏಳು ಕುಳಿ. ಮಣೆಯನ್ನು ಉದ್ದಕ್ಕೆ ತಿರುಗಿಸಿ, ಮೇಲಿನ ಮೂರು ಮೂರು ಕುಳಿ ಬಿಟ್ಟು ಉಳಿದದ್ದರ ಮೇಲೆ ಬಟ್ಟೆ ಕಟ್ಟಿದೆವು. ಬ್ರೈಲಿನ ಆರು ಚುಕ್ಕಿಯ ಮನೆ ಸಿದ್ಧ! ಎಡಸಾಲಿನ ಮೊದಲನೆಯದಕ್ಕೆ ಒಂದು ಹುಣಸೆ ಬೀಜ, ಮೂರನೆಯದಕ್ಕೆ ಒಂದು. ಅದು ಕ. ಹುಡುಗ ಎರಡೂ ಕೈಯಿಂದ ತಡವಿ ನೋಡಿದ, ನಡುವಿನ ಖಾಲಿ ಕುಳಿಯಲ್ಲಿ ಬೆರಳಿಟ್ಟು ಅಲ್ಲಿಗೂ ಒಂದು ಬೀಜ ಕೊಡು ಅಂತ ಕೈ ಚಾಚಿದ.