ಪುಸ್ತಕದ ಗಂಟು ಹೊತ್ತ ಗಳಗನಾಥರು

ಪುಣೆಯ ಅಪ್ಪಾ ಬಳವಂತ ಚೌಕ ಪುಸ್ತಕದ ಪೇಟೆ. ಜೂನ್ ಬಂತೆಂದರೆ ಶಾಲೆಯ ಪುಸ್ತಕ ಕೊಳ್ಳಲು ಬಂದವರ ನೂಕುನುಗ್ಗಲಿನಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಅದೇ ಚೌಕದ ಬಳಿ ಆನಂದಾಶ್ರಮ ಎಂಬ ಹಳೆಯ ಸಂಸ್ಥೆಯಿದೆ. ಸಂಸ್ಕೃತ ಗ್ರಂಥಗಳನ್ನು ಅಚ್ಚು ಹಾಕಿಸಿದ ಜಾಗ. ಅದನ್ನು ವರ್ಷಗಟ್ಟಲೆ ನೋಡಿಕೊಂಡವರು ಮರಾಠಿಯ ದೊಡ್ಡ ಕಾದಂಬರಿಕಾರ ಹರಿ ನಾರಾಯಣ ಆಪಟೆ. ಈ ಊರಿಗೆ ಬಂದು ಏಳು ವರ್ಷವಾಯಿತು, ಆ ಕಟ್ಟಡದ ಮುಂದೆ ಎಷ್ಟೋ ಸಲ ಹಾದುಹೋಗಿದ್ದೇನೆ. ಅದಕ್ಕೂ ನಮ್ಮ ಹಾವೇರಿ ಕಡೆಯ ಒಬ್ಬ ಮಾಸ್ತರರ ಬದುಕಿಗೂ ನಂಟಿದೆ ಎಂದು ಹೊಳೆದದ್ದು ಮಾತ್ರ ಕಳೆದ ವರ್ಷ, ನನ್ನ ಮಂಚದ ಕೆಳಗೆ ಮಾರಾಟವಾಗದ ಪುಸ್ತಕಗಳ ಡಬ್ಬಿಗಳು ಸೇರಿದ ಮೇಲೆ.

ಹಗಲು ಹಿಂಜವಡಿಯಲ್ಲಿ ಕೋಡ್ ಬರೆಯುತ್ತೇನೆ. ರಾತ್ರಿ ಮತ್ತು ರಜಾದಿನಗಳಲ್ಲಿ ಅನುವಾದ. ಅದರಲ್ಲೂ ಎರಡು ಬಗೆ. ಕಾಸು ತರುವ ಅನುವಾದವೆಂದರೆ ಆ್ಯಪ್‌ಗಳ ಬಟನ್ನು, ಬ್ಯಾಂಕಿನ ಮೆಸೇಜು, ಮಿಕ್ಸರ್ ಜೊತೆ ಬರುವ ಕೈಪಿಡಿ. ಪದಕ್ಕಿಷ್ಟು ಎಂದು ದರ. ಹಿಂದೆ ಅನುವಾದ ಮಾಡಿಕೊಡಿ ಎನ್ನುತ್ತಿದ್ದವರು ಈಗ ಯಂತ್ರ ಮಾಡಿದ್ದನ್ನು ತಿದ್ದಿಕೊಡಿ ಎನ್ನುತ್ತಾರೆ. ದರ ಅರ್ಧವಾಗಿದೆ, ಕೆಲಸ ಅಷ್ಟೇ ಇದೆ. ಇನ್ನೊಂದು ಮನಸ್ಸಿನ ಅನುವಾದ. ಒಂದು ಮರಾಠಿ ಕಾದಂಬರಿಯನ್ನು ಎರಡು ವರ್ಷ ಕೂತು ಕನ್ನಡಕ್ಕೆ ತಂದೆ. ಅನುವಾದಗಳು ಓಡುವುದಿಲ್ಲ ಎಂದ ಪ್ರಕಾಶಕರು ಅರ್ಧ ಖರ್ಚು ನನ್ನಿಂದಲೇ ಹಾಕಿಸಿ ಐನೂರು ಪ್ರತಿ ಅಚ್ಚು ಮಾಡಿದರು. ನನ್ನ ಪಾಲಿನ ಮುನ್ನೂರು ಪ್ರತಿಗಳು ಪಾರ್ಸೆಲ್ಲಿನಲ್ಲಿ ಮನೆಗೆ ಬಂದವು.

ಬರೆಯುವುದು ನನ್ನ ಕೆಲಸ, ಮಾರುವುದು ನನ್ನದಲ್ಲ ಎಂದು ಮುನಿಸಿಕೊಂಡು ಕೂತಿದ್ದೆ. ಊರಿಗೆ ಹೋದಾಗ ಅಪ್ಪನ ಮುಂದೆ ಗೊಣಗಿದೆ. ಅಪ್ಪ ನಿವೃತ್ತ ಶಿಕ್ಷಕರು. ಗಳಗನಾಥರು ತಲೆಯ ಮೇಲೆ ಹೊತ್ತುಕೊಂಡು ಮಾರಿದರು, ನಿನಗೆ ಕಾರಿದೆಯಲ್ಲ ಎಂದಷ್ಟೇ ಹೇಳಿ ಎಲೆಯಡಿಕೆ ಹಾಕಿಕೊಂಡರು. ಆ ಹೆಸರು ಶಾಲೆಯಲ್ಲಿ ಒಂದು ಅಂಕದ ಪ್ರಶ್ನೆಯಾಗಿ ಗೊತ್ತಿತ್ತು, ಮನುಷ್ಯನಾಗಿ ಗೊತ್ತಿರಲಿಲ್ಲ.

ಅವರ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಹುಟ್ಟಿದ್ದು 1869ರಲ್ಲಿ, ಹಾವೇರಿ ಸೀಮೆಯ ಗಳಗನಾಥ ಎಂಬ ಊರಿನಲ್ಲಿ. ವರದೆ ಬಂದು ತುಂಗಭದ್ರೆಯನ್ನು ಸೇರುವ ಜಾಗವದು. ಚಾಲುಕ್ಯರ ಕಾಲದ ಗಳಗೇಶ್ವರನ ಗುಡಿ ಹೊಳೆಯ ದಂಡೆಯಲ್ಲೇ ನಿಂತಿದೆ. ಊರಿನ ಹೆಸರನ್ನೇ ಅವರು ಕಾವ್ಯನಾಮವಾಗಿ ಇಟ್ಟುಕೊಂಡರು. ಮುಂದೆ ಆ ಹೆಸರಿನಲ್ಲಿ ಸ್ವಂತದ ಹೆಸರು ಕರಗಿಯೇ ಹೋಯಿತು.

ಆ ಕಾಲದ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಓದು ಬಲ್ಲ ಮನೆಗಳಲ್ಲಿ ಮರಾಠಿಯದೇ ಮೇಲುಗೈ. ಮನೆಯ ಮಾತು ಕನ್ನಡ, ಕೈಯಲ್ಲಿನ ಪುಸ್ತಕ ಮರಾಠಿ, ನೋಡುವ ನಾಟಕವೂ ಮರಾಠಿ. ಇದನ್ನು ಕಂಡು ಕಳವಳಪಟ್ಟವರು ಸೇರಿ 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. ಆಗ ಗಳಗನಾಥರಿಗೆ 21 ವರ್ಷ. ಶಿಕ್ಷಕರ ತರಬೇತಿ ಮುಗಿಸಿ ಕನ್ನಡ ಶಾಲೆಯ ಮಾಸ್ತರರಾದರು. ಪ್ರಬುದ್ಧ ಪದ್ಮನಯನೆ ಎಂಬ ಕಾದಂಬರಿಯಿಂದ ಬರವಣಿಗೆಯಲ್ಲಿ ಹೆಸರಾದರು.

ಆದರೆ ಆಗ ಕನ್ನಡದಲ್ಲಿ ಕಾದಂಬರಿ ಓದುವ ಜನವೇ ಕಡಿಮೆ. ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದಿದ್ದರು. ಉತ್ತರದಲ್ಲಿ ಗಳಗನಾಥರು ಮರಾಠಿಯತ್ತ ಕೈಚಾಚಿದರು. ಯಾವ ಭಾಷೆ ತಮ್ಮ ಓದುಗರನ್ನು ಸೆಳೆದುಕೊಂಡಿತ್ತೋ ಅದರ ಕತೆಗಳನ್ನೇ ಕನ್ನಡದಲ್ಲಿ ಹೇಳಿ ಅವರನ್ನು ವಾಪಸು ಕರೆತರುವ ದಾರಿ ಹಿಡಿದರು. ಜಗಳ ಆಡುವುದಕ್ಕಿಂತ ಇದು ಜಾಣತನದ ಕೆಲಸ ಎಂದು ನನಗೆ ಅನ್ನಿಸುತ್ತದೆ. ಮರಾಠಿಯನ್ನು ಅವರು ದೂರಲಿಲ್ಲ, ಓದಿದರು, ಮೆಚ್ಚಿದರು, ಬೇಕಾದ್ದನ್ನು ಹೊತ್ತು ತಂದರು.

ಆನಂದಾಶ್ರಮದ ನಂಟು ಬರುವುದು ಇಲ್ಲೇ. ಆಪಟೆಯವರು ಕೊನೆಕೊನೆಗೆ ವಿಜಯನಗರದ ಪತನವನ್ನು ಕುರಿತು ವಜ್ರಾಘಾತ ಎಂಬ ಕಾದಂಬರಿ ಬರೆದರು. ಹೆಸರಿನ ಅರ್ಥ ಸಿಡಿಲಿನ ಪೆಟ್ಟು. ಗಳಗನಾಥರು ಅದನ್ನು ಕನ್ನಡಕ್ಕೆ ತಂದಾಗ ಕನ್ನಡಿಗರ ಕರ್ಮಕಥೆ ಎಂದು ಹೆಸರಿಟ್ಟರು. ಮರಾಠಿ ಹೆಸರು ಸಂಸ್ಕೃತದ್ದೇ, ಹಾಗೆಯೇ ಉಳಿಸಿಕೊಂಡಿದ್ದರೂ ನಮ್ಮವರಿಗೆ ತಿಳಿಯುತ್ತಿತ್ತು. ಆದರೆ ಸಿಡಿಲು ಯಾರ ಮೇಲಾದರೂ ಬೀಳಬಹುದು. ಕರ್ಮಕಥೆ ಎಂದೊಡನೆ ಅದು ನಮ್ಮ ಮನೆಯ ಸುದ್ದಿಯಾಗುತ್ತದೆ, ತಪ್ಪಿನಲ್ಲಿ ನಮ್ಮ ಪಾಲೆಷ್ಟು ಎಂಬ ಪ್ರಶ್ನೆಯೂ ಏಳುತ್ತದೆ. ಮೂಲದಲ್ಲಿ ಇದ್ದದ್ದು ನೆರೆಯವನ ಮರುಕ. ಕನ್ನಡದಲ್ಲಿ ಅದು ಸೂತಕವಾಯಿತು. ಎರಡು ಪದಗಳಲ್ಲಿ ಇಷ್ಟು ಮಾಡಬಲ್ಲ ಅನುವಾದಕನಿಗೆ ಪದಕ್ಕೆಷ್ಟು ಎಂದು ದರ ಕಟ್ಟುವುದು ಹೇಗೆ?

ಇನ್ನೊಂದು ಮಾತು. ಗಳಗನಾಥದ ಗುಡಿಯ ಮುಂದೆ ಹರಿಯುವ ತುಂಗಭದ್ರೆಯೇ ಮುಂದೆ ಹಂಪಿಯ ಬಳಿ ಹರಿಯುತ್ತದೆ. 1565ರ ಯುದ್ಧದ ನಂತರ ಹಾಳಾದ ಆ ಊರಿನ ಕತೆ, ಅದೇ ಹೊಳೆಯ ದಂಡೆಯಲ್ಲಿ ಹುಟ್ಟಿದವನ ಕೈಗೆ ಪುಣೆ ಸುತ್ತಿಕೊಂಡು ಬಂದು ಸೇರಿತು. ವಿಜಯನಗರದ ಸ್ಥಾಪನೆಯ ಕಾಲವನ್ನು ಕುರಿತು ಗಳಗನಾಥರು ಮಾಧವ ಕರುಣಾವಿಲಾಸವನ್ನು ಸ್ವತಂತ್ರವಾಗಿಯೇ ಬರೆದರು. ಮುಳುಗಿದ ಕತೆಯನ್ನು ಬೇರೆ ಭಾಷೆಯಿಂದ ತಂದವರು ಹುಟ್ಟಿದ ಕತೆಯನ್ನು ತಾವೇ ಕಟ್ಟಿದರು. ಅನುವಾದ ಮಾಡುತ್ತ ಮಾಡುತ್ತ ಕೈ ಪಳಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇಷ್ಟೆಲ್ಲ ಬರೆದರೂ ಓದುಗನ ಮನೆ ಮುಟ್ಟಬೇಕಲ್ಲ. ಪ್ರಕಾಶಕರು, ಅಂಗಡಿಗಳು ಇದ್ದದ್ದು ಅಷ್ಟಕ್ಕಷ್ಟೇ. ಗಳಗನಾಥರು ಮಾಸ್ತರಿಕೆ ಬಿಟ್ಟರು. 1907ರಲ್ಲಿ ಹಾವೇರಿ ಸಮೀಪದ ಅಗಡಿಯಲ್ಲಿ, ಶೇಷಾಚಲ ಸದ್ಗುರುಗಳ ಆಶ್ರಯದಲ್ಲಿ, ಸದ್ಬೋಧ ಚಂದ್ರಿಕೆ ಎಂಬ ಮಾಸಪತ್ರಿಕೆ ಶುರುವಾಯಿತು. ಅದರ ಬರವಣಿಗೆಯ ಭಾರ ಇವರ ಮೇಲೆ. ನೀತಿ, ಧರ್ಮದ ಲೇಖನಗಳ ಜೊತೆಗೆ ಕಾದಂಬರಿ ಕಂತುಕಂತಾಗಿ ಬರುತ್ತಿತ್ತು. ಆಪಟೆಯವರೂ ಪುಣೆಯಲ್ಲಿ ಕರಮಣೂಕ ವಾರಪತ್ರಿಕೆಯ ಮೂಲಕ ಇದನ್ನೇ ಮಾಡಿದ್ದರು. ಧರ್ಮಕ್ಕೆಂದು ಚಂದಾ ಕಟ್ಟಿದ ಮನೆಯಲ್ಲಿ ಕತೆಗಾಗಿ ಮುಂದಿನ ಸಂಚಿಕೆಯನ್ನು ಕಾಯುವವರು ಹುಟ್ಟಿಕೊಂಡರು. ಮುಂದೆ ಗಳಗನಾಥರು ಸದ್ಗುರು ಎಂಬ ತಮ್ಮದೇ ಪತ್ರಿಕೆಯನ್ನೂ ನಡೆಸಿದರು.

ಪುಸ್ತಕವಾಗಿ ಬಂದದ್ದನ್ನು ಗಂಟು ಕಟ್ಟಿ ಹೊತ್ತುಕೊಂಡು ಊರೂರು ತಿರುಗಿದರು. ಕಾಸಿದ್ದವರು ಕೊಂಡರು. ಇವತ್ತು ನಾವು ಇದನ್ನು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಹೊರುವವನಿಗೆ ಅದು ಹೆಮ್ಮೆಯಾಗಿರಲಿಕ್ಕಿಲ್ಲ. ಮಾಸ್ತರರೆಂದು ಊರಲ್ಲಿ ಮರ್ಯಾದೆ ಇದ್ದವರು, ಇಪ್ಪತ್ತರಷ್ಟು ಕಾದಂಬರಿ ಬರೆದವರು, ಪರರ ಕಟ್ಟೆಯ ಮೇಲೆ ಗಂಟು ಬಿಚ್ಚಿ ಕೂರುವುದು ಸುಲಭವಲ್ಲ. ಹಣ ನಿಲ್ಲಲಿಲ್ಲ. ಬಡತನ ಕೊನೆತನಕ ಬಿಡಲಿಲ್ಲ. 1942ರಲ್ಲಿ ತೀರಿಕೊಂಡಾಗ ಕನ್ನಡಿಗರಿಗೆ ಒಂದು ರಾಜ್ಯವೂ ಇರಲಿಲ್ಲ, ಅದಕ್ಕೆ ಇನ್ನೂ 14 ವರ್ಷ ಕಾಯಬೇಕಿತ್ತು. ಕಾದಂಬರಿ ಪಿತಾಮಹ ಎಂಬ ಬಿರುದು ಉಳಿಯಿತು.

ಅವರ ಕಾದಂಬರಿಗಳು ಇವತ್ತು ಸಲೀಸಾಗಿ ಓದಿಸಿಕೊಳ್ಳುತ್ತವೆ ಎಂದು ಸುಳ್ಳು ಹೇಳಲಾರೆ. ಕತೆಯ ನಡುವೆ ಉಪದೇಶ ನುಗ್ಗುತ್ತದೆ. ಹೆಣ್ಣುಮಕ್ಕಳ ಬಾಳಿನ ಬಗ್ಗೆ ಅವರಿಟ್ಟುಕೊಂಡ ನಿಲುವುಗಳು ನಮ್ಮ ಮನೆಯ ಹೆಂಗಸರಿಗೆ ಒಪ್ಪಿಗೆಯಾಗಲಾರವು. ನನ್ನ ಹೆಂಡತಿ ಹತ್ತು ಪುಟ ಓದಿ ಪುಸ್ತಕ ಮಡಚಿಟ್ಟಳು. ಮಡಚಿಟ್ಟು ಕೇಳಿದ್ದು ಬೇರೆಯೇ ಪ್ರಶ್ನೆ: ಅವರು ಮಾಸ್ತರಿಕೆ ಬಿಟ್ಟಾಗ ಮನೆಯನ್ನು ಯಾರು ನಡೆಸಿದರು? ನಾನು ಉತ್ತರ ಹೇಳಲಿಲ್ಲ. ಆ ಹೊತ್ತಿಗೆ ನಾನೂ ಕೆಲಸ ಬಿಟ್ಟು ಪೂರ್ತಿ ಅನುವಾದಕ್ಕೆ ನಿಲ್ಲುವ ಲೆಕ್ಕ ಹಾಕುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು. ಗಂಟು ಹೊತ್ತವನ ಚಿತ್ರ ಎಲ್ಲರಿಗೂ ನೆನಪಿದೆ. ಆ ದಿನ ಒಲೆಯ ಮೇಲೆ ಏನಿತ್ತು ಎಂದು ಯಾರೂ ಬರೆದಿಡುವುದಿಲ್ಲ.

ಕೆಲಸ ಬಿಟ್ಟಿಲ್ಲ. ಮನೆಸಾಲ ಇನ್ನೂ ಹನ್ನೊಂದು ವರ್ಷ ಇದೆ. ಆದರೆ ಮುನಿಸು ಬಿಟ್ಟೆ. ಓದುಗ ಸಿಗುವ ತನಕ ಅನುವಾದ ಮುಗಿದಿಲ್ಲ ಎಂಬ ಪಾಠವನ್ನು ಆ ಮಾಸ್ತರರಿಂದ ತೆಗೆದುಕೊಂಡೆ. ನವೆಂಬರಿನಲ್ಲಿ ಇಲ್ಲಿನ ಕನ್ನಡ ಬಳಗದ ರಾಜ್ಯೋತ್ಸವಕ್ಕೆ ಎರಡು ಡಬ್ಬಿ ಕಾರಿನಲ್ಲಿ ಹಾಕಿಕೊಂಡು ಹೋದೆ. ಊಟದ ಸಾಲಿನ ಪಕ್ಕ ಒಂದು ಮೇಜು ಹಾಕಿಕೊಂಡು ನಿಂತೆ. ಮೊದಲ ಅರ್ಧ ಗಂಟೆ ಯಾರ ಮುಖವನ್ನೂ ನೋಡಲಾಗಲಿಲ್ಲ, ಮೊಬೈಲ್ ನೋಡುತ್ತಿದ್ದೆ. ಸಂಜೆಯ ಹೊತ್ತಿಗೆ 23 ಪ್ರತಿ ಹೋದವು. ಕೊಂಡವರಲ್ಲಿ ಒಬ್ಬರು ವಿಜಯಪುರ ಕಡೆಯ ಅಜ್ಜಿ, ಮಗನ ಮನೆಗೆ ಬಂದು ಇಲ್ಲೇ ಉಳಿದವರು. ಈ ಮರಾಠಿ ಊರಿನಲ್ಲಿ ಕನ್ನಡ ಪುಸ್ತಕವನ್ನು ಮನೆ ಬಾಗಿಲಿಗೆ ಯಾರು ತರುತ್ತಾರಪ್ಪಾ ಎಂದು ಕೇಳಿ ವಿಳಾಸ ಬರೆದುಕೊಟ್ಟರು.

ಮುಂದಿನ ಶನಿವಾರ ಅವರ ಮನೆಗೆ ಹೋಗಬೇಕು. ಅವರ ಅಪಾರ್ಟ್‌ಮೆಂಟಿನಲ್ಲಿ ಇನ್ನೂ ಆರು ಕನ್ನಡದ ಮನೆಗಳಿವೆಯಂತೆ.